ಸಾಯಗಾಂವದ ಗೋಡೆಯ ನಾಗರಹಾವು

ಹೋದ ವಾರ ಬೀದರಿನ ಹಳೆ ಊರಿನ ಗ್ರಂಥಿಗೆ ಅಂಗಡಿಯಲ್ಲಿ ಒಣಶುಂಠಿ ಕೊಳ್ಳಲು ನಿಂತಿದ್ದೆ. ಅಂಗಡಿಯವರು ಯಾರಿಗೋ ಕೊಡಲೆಂದು ಪಕ್ಕದ ಡಬ್ಬಿಯ ಮುಚ್ಚಳ ತೆಗೆದರು. ಬಜೆ ಬೇರಿನ ಘಾಟು ಮೂಗಿಗೆ ಬಡಿಯಿತು. ಕೂಸುಗಳಿಗೆ ತೇಯ್ದು ನೆಕ್ಕಿಸುವ ಔಷಧಿ ಅದು, ಉಳಿದವರಿಗಾದರೆ ತೊಟ್ಟಿಲು ನೆನಪಾಗುತ್ತಿತ್ತೇನೋ. ನನಗೆ ನೆನಪಾದದ್ದು ಬಾಯಿಯವರ ಪುಸ್ತಕದ ಕಪಾಟು... ಹುಳ ಬೀಳಬಾರದೆಂದು ಅವರು ಬಜೆಯನ್ನು ಅರಿವೆಯಲ್ಲಿ ಕಟ್ಟಿ ಪುಸ್ತಕಗಳ ನಡುವೆ ಇಡುತ್ತಿದ್ದರು. ಶುಂಠಿ ಕೊಳ್ಳುವುದನ್ನು ಮರೆತು ಚಿದ್ರಿಯ ನನ್ನ ಮನೆಗೆ ಬಂದುಬಿಟ್ಟೆ.

ಪಾಠ ಹೇಳುವ ಹೆಣ್ಣುಮಗಳನ್ನು ನಮ್ಮ ಕಡೆ ಮರಾಠಿಯವರ ಹಾಗೆ ಬಾಯಿ ಎಂದೇ ಕರೆಯುವುದು. ನಾನು ಭಾಲ್ಕಿಯ ಶಾಲೆಗೆ ಹೊಸದಾಗಿ ಸೇರಿದಾಗ ಅವರು ಅಲ್ಲಿ ಜೀವಶಾಸ್ತ್ರದ ಹಿರಿಯ ಶಿಕ್ಷಕಿ. ಮದುವೆ ಆಗಿರಲಿಲ್ಲ, ಆಗಲಿಲ್ಲವೆಂಬ ಕೊರಗೂ ಇದ್ದಂತಿರಲಿಲ್ಲ. ಮಾತು ಮಾತ್ರ ಕಡ್ಡಿ ಮುರಿದಂತೆ. ನಾಗರಪಂಚಮಿಯ ಮರುದಿನ ತರಗತಿಗೆ ಹೋದವರೇ, "ಹಾವು ಹಾಲು ಕುಡಿಯೂದಿಲ್ಲ. ನಿನ್ನಿ ಹುತ್ತಕ್ಕ ಹೊಯ್ದದ್ದು ನಿಮ್ಮ ತಂಗೀಗಿ ಕುಡಿಸಬೇಕಿತ್ತು" ಎಂದು ಶುರುಮಾಡುತ್ತಿದ್ದರು. ಪಾಲಕರು ಮುಖ್ಯಗುರುಗಳ ಹತ್ತಿರ ದೂರು ಒಯ್ಯುತ್ತಿದ್ದರು. ಮುಂದಿನ ವರ್ಷ ಅದೇ ಪಾಠ, ಅದೇ ದೂರು. ಬಾಯಿಯವರು ಕ್ಯಾರೇ ಅಂದವರಲ್ಲ.

ಅವರಿಗೆ ಇದ್ದದ್ದು ಒಂದೇ ಚಟ. ಹಕ್ಕಿ, ಹಾವು, ಹುಳ, ಗಿಡಗಂಟೆಗಳ ಚಿತ್ರವಿರುವ ಹಳೆಯ ಪುಸ್ತಕ ಕೂಡಿಸುವುದು. ಬಣ್ಣದ ಫೋಟೋ ಬರುವುದಕ್ಕಿಂತ ಮುಂಚಿನ ಕಾಲದವು. ಕಲ್ಲಚ್ಚಿನಲ್ಲಿ ಮುದ್ರಿಸಿ, ಕೆಲವಕ್ಕೆ ಕೈಯಿಂದಲೇ ಬಣ್ಣ ತುಂಬಿ, ಪ್ರತಿ ಚಿತ್ರದ ಮೇಲೆ ತೆಳ್ಳನೆಯ ಕಾಗದ ಹೊದಿಸಿದ ದೊಡ್ಡ ದೊಡ್ಡ ಪುಸ್ತಕಗಳು. ನಿಜಾಮರ ಕಾಲದ ಅಧಿಕಾರಿಗಳು, ವೈದ್ಯರು ತರಿಸಿಕೊಂಡಿದ್ದವು ಕೈಯಿಂದ ಕೈಗೆ ಹೋಗಿ ಕಡೆಗೆ ಬೀದರಿನ ರದ್ದಿ ಅಂಗಡಿಗೆ ಬಂದು ಬೀಳುತ್ತಿದ್ದವು. ಸಂಬಳದ ದಿನ ನಾವೆಲ್ಲ ಸೀರೆ ಅಂಗಡಿ ಹೊಕ್ಕರೆ ಬಾಯಿಯವರು ರದ್ದಿಯ ಗುಡ್ಡೆ ಹೊಕ್ಕಿರುತ್ತಿದ್ದರು. ನನಗೆ ಮೊದಲು ನಗು ಬರುತ್ತಿತ್ತು. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಆ ತೆಳು ಕಾಗದ ಸರಿಸಿ ಕೆಳಗಿದ್ದ ಮಿಂಚುಳ್ಳಿಯನ್ನು ನೋಡಿದೆ ನೋಡಿ, ಅವತ್ತಿನಿಂದ ಆ ಹುಚ್ಚು ನನಗೂ ಹತ್ತಿತು.

ಪುಸ್ತಕ ಸಿಕ್ಕರೆ ಉಳಿದವರು ಮೊದಲು ಚಿತ್ರ ನೋಡುತ್ತಾರೆ. ಬಾಯಿಯವರು ನೋಡುತ್ತಿದ್ದದ್ದು ಮೊದಲ ಪುಟದ ಮೇಲಿನ ಹೆಸರುಗಳನ್ನು. ಒಂದು ಉರ್ದುವಿನಲ್ಲಿ, ಒಂದು ಹಳೆಯ ಮರಾಠಿಯ ಮೋಡಿ ಅಕ್ಷರದಲ್ಲಿ, ಒಂದು ಕನ್ನಡದಲ್ಲಿ... ಹೆಸರಿನ ಬೆನ್ನು ಹತ್ತಿ, ಆ ಒಡೆಯರ ಮನೆತನದವರು ಎಲ್ಲಿದ್ದರೂ ಹುಡುಕಿ, ಪುಸ್ತಕ ಒಯ್ದು, ಅವರ ಮುಂದೆ ಒಂದೊಂದೇ ಪುಟ ತಿರುವಿ ತೋರಿಸಿ ಬರುವವರೆಗೆ ಅದನ್ನು ಕಪಾಟಿನಲ್ಲಿ ಇಡುತ್ತಿರಲಿಲ್ಲ. "ಅವರ ಮನಿ ಚೀಜು ನಮ್ಮ ಮನಿಗಿ ಬಂದದ. ತಿಳಿಸಬೇಕೋ ಬ್ಯಾಡೋ?" ಎನ್ನುತ್ತಿದ್ದರು. ಒಮ್ಮೆ ಚಿಟ್ಟೆಯ ಪುಸ್ತಕ ಹಿಡಿದು ಔರಾದ ಕಡೆಯ ಠಾಣಾ ಕುಶನೂರಿನವರೆಗೆ ಬಸ್ಸಿನಲ್ಲಿ ಹೋದೆವು. ಹಳೆಯ ಒಡೆಯರ ತಂಗಿ ಎಲ್ಲ ಪುಟ ನೋಡಿ ಮುಗಿಸಿ, "ನಮ್ಮಣ್ಣ ಭಾಳ ಗೊರಕಿ ಹೊಡೀತಿದ್ದರಿ" ಎಂದಷ್ಟೇ ಹೇಳಿದರು. ನನಗೆ ಸಿಟ್ಟು ಬಂತು. ಬಾಯಿಯವರು ಮಾತ್ರ ದಾರಿಯುದ್ದಕ್ಕೂ ಅದನ್ನೇ ನೆನೆದು ಖುಷಿಪಟ್ಟರು.

ಹಾವಿನ ಪುಸ್ತಕ ಸಿಕ್ಕದ್ದು ಅವರು ನಿವೃತ್ತರಾಗುವ ಹೊತ್ತಿಗೆ. ಅಂಥದ್ದು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೊಳಕುಮಂಡಲದ ಒಂದೊಂದು ಹುರುಪೆಯನ್ನೂ ಕಣ್ಣು ಸೋಲುವ ಹಾಗೆ ಬರೆದಿದ್ದರು. ಆದರೆ ನಾಗರಹಾವಿನ ಪುಟವೇ ಇರಲಿಲ್ಲ. ಯಾರೋ ಬುಡದಲ್ಲಿ ಕತ್ತರಿಸಿ ತೆಗೆದಿದ್ದರು. ಅದೇ ಹೊತ್ತಿಗೆ ಬಾಯಿಯವರ ದೃಷ್ಟಿ ಮಂದವಾಗತೊಡಗಿತ್ತು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕೆಲ ಕಾಲ ಕಾಯಬಹುದು ಎಂದು ಬೀದರಿನ ವೈದ್ಯರು ಹೇಳಿದ್ದರು. ಬಾಯಿಯವರು ಅಳಲಿಲ್ಲ. "ಕಣ್ಣು ಹೋಗೂದ್ರಾಗ ಆ ಪುಟ ಒಮ್ಮಿ ನೋಡಬೇಕು" ಎಂದರು. ತಮಗಾಗಿ ಅವರು ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪುಸ್ತಕದ ಮೇಲಿನ ಕೊನೆಯ ಹೆಸರು ಸಾಯಗಾಂವದ ಒಬ್ಬ ಕಂಪೌಂಡರರದು. ಹೋಗಿ ವಿಚಾರಿಸಿದಾಗ ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಊರಿಗೆಲ್ಲ ಆಯಿ ಎನಿಸಿಕೊಂಡ ಅವರ ಹೆಂಡತಿ ಸೊಸೆಯ ಜೊತೆ ಇದ್ದರು. ಬಾಯಿಯವರು ಎಂದಿನಂತೆ ಚಾಪೆಯ ಮೇಲೆ ಕೂತು ಪುಟ ತಿರುವತೊಡಗಿದರು. ಆಯಿಗೆ ಪುಸ್ತಕದ ಗುರುತು ಹತ್ತಿತು. ಹಾವು ಕಡಿದವರನ್ನು ಕರೆತಂದಾಗ ಕಂಪೌಂಡರು ಇದನ್ನೇ ತೆರೆದಿಟ್ಟು ಯಾವ ಹಾವು ಎಂದು ಕೇಳುತ್ತಿದ್ದರಂತೆ. ಕತ್ತರಿಸಿದ ಜಾಗ ಬಂದಾಗ ಆಯಿ ಬಾಯಿಯವರ ಕೈ ಹಿಡಿದು ನಿಲ್ಲಿಸಿದರು.

"ಇದು ನನ್ನ ಕೆಲಸ" ಎಂದರು. "ಮಗಳು ತೊಗರಿ ಕೊಯ್ಲಾಕ ಹೋಗಿದ್ಳು. ಕಾಲಿಗಿ ಕಡೀತು. ಅವರು ಇದನ್ನ ತಗದು, ಯಾವುದವ್ವ ಅಂತ ಕೇಳಿದ್ರು. ನಾಗಪ್ಪನ ಮ್ಯಾಲ ಬೆರಳಿಟ್ಟಳು. ಭಾಲ್ಕಿ ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಟಳು. ಸುಡಬೇಕಂತ ಕತ್ತರಿಸಿಕೊಂಡು ಒಲಿ ಮುಂದ ಕುಂತೆ... ಆಗಲಿಲ್ಲ ನೋಡ್ರಿ. ಆಕಿ ಬೆರಳು ಹತ್ತಿತ್ತಲ್ಲ ಅದಕ್ಕ."

ದೇವರ ಕೋಣೆಯ ಕತ್ತಲಲ್ಲಿ ಒಂದು ಹಲಗೆಯನ್ನು ಗೋಡೆಗೆ ಆನಿಸಿ ಇಟ್ಟಿದ್ದರು. ಮೂಲೆಗಳಿಗೆ ಸಣ್ಣ ಮೊಳೆ ಹೊಡೆದು ಆ ಪುಟವನ್ನು ಕೂಡಿಸಿದ್ದರು. ಗಾಜಿರಲಿಲ್ಲ. ಪ್ರತಿ ಪಂಚಮಿಗೆ ಅರಿಶಿಣ ಕುಂಕುಮ ಹಚ್ಚಿ, ಹಾಲು ಚಿಮುಕಿಸಿ, ಮತ್ತೆ ಯಾರ ಮಕ್ಕಳನ್ನೂ ಮುಟ್ಟಬೇಡಪ್ಪ ಎಂದು ಆಯಿ ಕೈಮುಗಿಯುತ್ತ ಬಂದಿದ್ದರು. ಹೊಸ್ತಿಲಲ್ಲಿ ನಿಂತ ಬಾಯಿಯವರು ಕಣ್ಣು ಕಿರಿದು ಮಾಡಿ ನೋಡಿದರು. ಆ ಕತ್ತಲಲ್ಲಿ ಅವರ ಕಣ್ಣಿಗೆ ಏನೂ ಹತ್ತಲಿಲ್ಲ. ಒಳಗೆ ಕಾಲಿಡಲಿಲ್ಲ, ಕೇಳಲೂ ಇಲ್ಲ. ಆಯಿಯೇ ಕೇಳಿದರು.

"ಇದಕ್ಕೇ ಬಂದೀರೇನ್ರಿ? ಒಯ್ಯಿರಿ. ನನ್ನ ಹಿಂದ ಸೊಸಿ ಇದನ್ನೆಲ್ಲಾ ಮಾಡೂದಿಲ್ಲ. ಆದ್ರ ಪಂಚಮಿಗಿ ತಪ್ಪದೆ ಹಾಲು ಎರೀತೇನಿ ಅಂತ ನನ್ನ ಮಗಳ ಹೆಸರಿಲೆ ಮಾತು ಕೊಡ್ರಿ."

ನಾನು ಬಾಯಿಯವರ ಸೆರಗು ಜಗ್ಗಿದೆ. ಒಂದು ಹೂಂ ಅಂದರೆ ಮುಗಿಯಿತು. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಆಯಿ, ನಾ ಎರಿಯೂದಿಲ್ರಿ. ನಮ್ಮ ಮನ್ಯಾಗ ಬುದ್ಧ ಒಬ್ಬನ ಇದ್ದಾನ, ಇಂಥಾ ಪೂಜಾ ಇಲ್ಲ. ಹೂಂ ಅಂದು ಒಯ್ದರ ನಿಮಗ ಮೋಸ ಮಾಡಿದಂಗ ಆಗ್ತದ. ಇಲ್ಲೇ ಇರಲಿ."

ಆಯಿ ಬಹಳ ಹೊತ್ತು ಅವರ ಮುಖ ನೋಡಿದರು. ಆಮೇಲೆ ಸೊಸೆಗೆ ಚಹಾ ಮಾಡಲು ಹೇಳಿದರು. ಬಸ್ಸಿನಲ್ಲಿ ನಾನು ಬಾಯಿಯವರ ಮೇಲೆ ಹರಿಹಾಯ್ದೆ. ಕಣ್ಣು ಹೋಗುತ್ತಿದೆ, ಕೈಗೆ ಬಂದದ್ದನ್ನು ಬಿಟ್ಟು ಬಂದಿರಲ್ಲ, ಸತ್ಯಹರಿಶ್ಚಂದ್ರನ ವಂಶವೇ ಎಂದು ಬಾಯಿಗೆ ಬಂದಂತೆ ಅಂದೆ. "ಸತ್ತ ಮಗಳ ಹೆಸರಿಲೆ ಕೇಳಿದ್ರಲ್ಲ" ಎಂದಷ್ಟೇ ಹೇಳಿ ಅವರು ಕಿಟಕಿಯ ಕಡೆ ಮುಖ ಮಾಡಿದರು. ತೊಗರಿ ಹೊಲಗಳು ಹಳದಿ ಹೂ ಬಿಟ್ಟಿದ್ದವು. ಅದಾದರೂ ಅವರಿಗೆ ಕಾಣುತ್ತಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗಾಗಲಿಲ್ಲ.

ವೈದ್ಯರು ಹೇಳಿದ್ದಕ್ಕಿಂತ ಬೇಗನೆ ಕಣ್ಣು ಹೋಯಿತು. ಮೊದಮೊದಲು ಬೆಳಕು ಕತ್ತಲೆಯಾದರೂ ತಿಳಿಯುತ್ತಿತ್ತು, ಕಡೆಗೆ ಅದೂ ಇಲ್ಲ. ನಾನು ವಾರಕ್ಕೊಮ್ಮೆ ಹೋಗಿ ಪುಸ್ತಕ ತೆರೆದು ಚಿತ್ರದಲ್ಲಿ ಇರುವುದನ್ನು ಹೇಳುತ್ತಿದ್ದೆ. ತಪ್ಪು ಹೇಳಿದರೆ ಅಲ್ಲೇ ಬೈಗುಳ.

ಹೀಗಿರುವಾಗ ಸಾಯಗಾಂವದ ಸೊಸೆ ಬಾಯಿಯವರನ್ನು ಹುಡುಕಿಕೊಂಡು ಶಾಲೆಗೆ ಬಂದಳು. ಕೈಯಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಹಲಗೆ. "ಅತ್ತಿ ಹೋದ್ರರಿ. ಹೋಗೂ ಮುಂದ ಹೇಳ್ಯಾರ, ಹೂಂ ಅನ್ನಲಿಲ್ಲಲ್ಲ, ಆ ಬಾಯಿಗೇ ಕೊಡು, ಪೂಜಾ ಮಾಡಲಿ ಬಿಡಲಿ ಜತನ ಮಾಡ್ತಾಳ ಅಂತ." ಮರಳುವ ಬಸ್ಸಿಗೆ ಹೊತ್ತಾಗಿದೆ ಎಂದು ಹಲಗೆ ನನ್ನ ಕೈಗಿಟ್ಟು, ನನ್ನ ನಂಬರು ಬರೆದುಕೊಂಡು ಓಡಿದಳು. ಬಾಯಿಯವರ ಕಣ್ಣಿನ ವಿಷಯ ಹೇಳುವಷ್ಟು ಸಮಯವೂ ಸಿಗಲಿಲ್ಲ.

ಅವತ್ತೇ ಸಂಜೆ ಒಯ್ದು ಅವರ ತೊಡೆಯ ಮೇಲಿಟ್ಟೆ. ಅವರು ಅಂಚಿನಿಂದ ಶುರುಮಾಡಿ ಪುಟದ ಮೇಲೆಲ್ಲ ಬೆರಳಾಡಿಸಿದರು. ಆಮೇಲೆ ಕೇಳಿದರು, "ಹೆಡಿ ಮ್ಯಾಲಿನ ಕನ್ನಡಕದ ಗುರುತು ಕಾಣ್ತದೇನು?"

ಬಾಗಿ ನೋಡಿದೆ. ಅರಿಶಿಣ ಪದರುಪದರಾಗಿ ಕೂತಿತ್ತು, ನಡುನಡುವೆ ಹಾಲಿನ ಕಲೆ. ಹಾವೇ ನೆಟ್ಟಗೆ ಕಾಣುತ್ತಿರಲಿಲ್ಲ. ಕಾಣ್ತದ ಎಂಬ ಮಾತು ತುಟಿಯವರೆಗೆ ಬಂದಿತ್ತು. ಈ ಒಬ್ಬ ಹೆಂಗಸಿನ ಮುಂದೆ ಅದು ಹೊರಗೆ ಬರಲಿಲ್ಲ.

"ಇಲ್ರಿ ಬಾಯಾರ. ಎಲ್ಲಾ ಅರಿಶಿಣ ಕುಂತದ."

ಅವರ ಬೆರಳು ಪುಟದ ಮೇಲೆ ಹಾಗೇ ನಿಂತಿತು. "ಒರಸಬ್ಯಾಡ" ಎಂದರು. "ಹ್ಯಾಂಗ ಅದ ಹಂಗೇ ಅದರ ಜಾಗದಾಗ ಇಡು." ಮೊಳೆ ಕಿತ್ತು, ಪುಟ ಬಿಡಿಸಿ, ಕತ್ತರಿಸಿದ ಅಂಚಿಗೆ ಹೊಂದಿಸಿ ಇಟ್ಟೆ. ಪುಸ್ತಕ ಪೂರ್ತಿಯಾಯಿತು.

ಈಗ ಆ ಪುಸ್ತಕ ನನ್ನ ಹತ್ತಿರ ಇದೆ. ನೋಡಿದ ವ್ಯಾಪಾರಿಯೊಬ್ಬರು, ಈ ಹಳದಿ ಕಲೆ ತೆಗೆಸಿದರೆ ಒಳ್ಳೆ ಗಿರಾಕಿ ಸಿಗುತ್ತಾರೆ ಎಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ.

ನಿನ್ನೆ ಪಂಚಮಿ. ಬೆಳಿಗ್ಗೆ ಸಾಯಗಾಂವದಿಂದ ಸೊಸೆಯ ಫೋನು ಬಂತು. ಅತ್ತೆಯ ನೆನಪಾಯಿತು, ಅದಕ್ಕೇ ಮಾಡಿದೆ ಎಂದಳು. ಬಾಯಿಯವರು ಆರಾಮ ಇದ್ದಾರೆಯೇ ಎಂದು ಕೇಳಿದಳು. ಹೋದ ಚಳಿಗಾಲದಲ್ಲಿ ತೀರಿಕೊಂಡರು ಎಂದೆ. ಆಕೆ ಲೊಚಗುಟ್ಟಿ ಕೇಳಿದಳು,

"ಆ ಫೋಟೋ ನೋಡಿ ಖುಷಿ ಆದ್ರೇನ್ರಿ ಅವರು?"

"ಅವರಿಗಿ ಕಾಣಲಿಲ್ಲವ್ವ. ನೀ ತರೂಕಿಂತ ಮೊದಲೇ ಕಣ್ಣು ಹೋಗಿದ್ವು" ಎಂದೆ.

ಬಾಯಿಯವರು ಹೋದ ದಿನ ನನಗೆ ಅಳು ಬಂದಿರಲಿಲ್ಲ. ನಿನ್ನೆ ಬಂತು.