ಗಂಗವ್ವ ನಿಂತ ಮಟ್ಟ

ಆಗ ಸರಕಾರ ಅಂದರೆ ನಮಗೆ ಹಲಗೆಯ ಸಪ್ಪಳ. ಊರ ವಾಲೀಕಾರ ಕೊರಳಿಗೆ ಹಲಗೆ ಹಾಕಿಕೊಂಡು ಓಣಿಯ ತಿರುವಿನಲ್ಲಿ ನಿಂತು ಬಡಿದನೆಂದರೆ ರೊಟ್ಟಿ ಬಡಿಯುವ ಕೈಗಳೂ ನಿಲ್ಲುತ್ತಿದ್ದವು. ಲಸಿಕೆ ಹಾಕುವವರು ಬಂದರೂ ಹಲಗೆ, ಬೀಜದ ಮಾತು ಹೇಳುವವರು ಬಂದರೂ ಹಲಗೆ. ನಾವು ಹುಡುಗಿಯರು ಆಡುತ್ತಿದ್ದ ಹರಳು ಅಲ್ಲೇ ಬಿಟ್ಟು ಅವನ ಹಿಂದೆ ಓಡುತ್ತಿದ್ದೆವು.

ನಮ್ಮದು ರೋಣ ತಾಲೂಕಿನ ಹೊಳೆಸಾಲಿನ ಊರು. ಮಲಪ್ರಭೆ ಊರಿನ ಮಗ್ಗುಲಿಗೇ ಹರಿಯುತ್ತಾಳೆ. ಕೆಳಗಿನ ಓಣಿಯಲ್ಲಿ ನಮ್ಮದೂ ಸೇರಿ ಏಳು ಮನೆ. ನಾನು ಐದನೇ ಇಯತ್ತೆಯಲ್ಲಿದ್ದೆ. ಸಂಕ್ರಮಣ ಮುಗಿದು ಹೊಲದಲ್ಲಿ ಜೋಳ ಹಾಲುಗಾಳು ಕಟ್ಟಿತ್ತು. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಉಜ್ಜಿ, ಬಿಸಿ ಬಿಸಿ ಸೀತನಿಯನ್ನು ಬೆಲ್ಲ, ಶೇಂಗಾ ಚಟ್ನಿ ಹಚ್ಚಿ ತಿನ್ನುವ ದಿನಗಳು. ನಮ್ಮ ಕೈಗೆಲ್ಲ ಹೊಗೆಯ ವಾಸನೆ, ಲಂಗಕ್ಕೆಲ್ಲ ತೆನೆಯ ಸಿಪ್ಪೆ. ಅಂಥ ಒಂದು ಶುಕ್ರವಾರ ವಾಲೀಕಾರ ಬಂದ.

“ಕೇಳ್ರೆಪಾ ಕೇಳ್ರಿ! ಬರೂ ಸೋಮವಾರ ಸರ್ವೇ ಸಾಹೇಬ್ರು ಬರ್ತಾರ! ಹೊಳಿ ನೀರ ಎಲ್ಲೀತನ ಬಂದಿತ್ತು ನೋಡಿ ಗೆರಿ ಹಾಕ್ತಾರ! ಗೆರಿ ಒಳಗಿನ ಮನಿಗೆ ದಿನ್ನಿ ಮ್ಯಾಲ ಜಾಗಾ! ತಕರಾರ ಇದ್ದಾವ್ರು ಬುಧವಾರ ಸಂಜಿ ಒಳಗ ಚಾವಡಿಗೆ ಬಂದು ಹೇಳಬೇಕು!”

ಎರಡು ವರ್ಷದ ಹಿಂದೆ ಹೊಳೆ ನಮ್ಮ ಮನೆಯೊಳಗೆ ಬಂದು ಮೂರು ದಿನ ನಿಂತಿತ್ತು. ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಮೊಳಕಾಲು ಬಗ್ಗುತ್ತಿರಲಿಲ್ಲ. ಅಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು ಮೇಲಿನ ಓಣಿಯ ಮಠಕ್ಕೆ ಸೇರಿಸಿದ್ದ. ಅವತ್ತು ಹಿಡಿದ ಅವನ ಬೆನ್ನು ಆಮೇಲೆ ನೆಟ್ಟಗಾಗಲೇ ಇಲ್ಲ. ನೀರು ಇಳಿದ ಮೇಲೆ ಅಂಗಳದ ಹಗೇವಿನ ಬಾಯಿ ತೆಗೆದಾಗ, ನೆಲದೊಳಗೆ ತುಂಬಿಟ್ಟ ಜೋಳ ಮೊಳೆತು ಹುಳಿತು ಹೊಡೆದ ನಾತ ಇವತ್ತಿಗೂ ನನ್ನ ಮೂಗಿನಲ್ಲಿದೆ. ಆಗ ಆಯಿ ಅಂದಿದ್ದಳು: “ಇನ್ನೊಂದ ಸಲ ಹೊಳಿ ಬಂದ್ರ ನನ್ನ ಹೊರಬ್ಯಾಡ್ರಿ. ದೇವರ ಜಗಲಿ ಮುಂದ ಕುಂಡ್ರಿಸಿ ನೀವ್ ನೀವ್ ಹೋಗ್ರಿ.”

ಹೀಗಾಗಿ ದಿನ್ನೆಯ ಮೇಲಿನ ಜಾಗ ಅಂದಕೂಡಲೇ ಅವ್ವ ದೇವರ ಜಗಲಿಗೆ ಕೈ ಮುಗಿದಳು. ಮುಗಿದವಳೇ ಸುಣ್ಣದ ಗಡಿಗೆ ಇಳಿಸಿದಳು.

“ಸರಕಾರದಾವ್ರು ಬಾಗಲಿಗೆ ಬರ್ತಾರ. ಇಂಥಾ ಗ್ವಾಡಿ ತೋರಸೂದೇನ? ನಾಚಿಗಿ!”

ಹೊಳೆ ಇಳಿದು ಹೋಗುವಾಗ ಗೋಡೆಯ ಮೇಲೆ ಬೂದುಬಣ್ಣದ ಒಂದು ಪಟ್ಟೆ ಬಿಟ್ಟು ಹೋಗಿತ್ತು. ಎರಡು ದೀಪಾವಳಿಗೆ ಸುಣ್ಣ ಬಳಿದರೂ ಅದು ಮತ್ತೆ ಒಡೆದು ಕಾಣುತ್ತಿತ್ತು. ಈ ಸಲ ಅವ್ವ ಸೊಂಟ ಕಟ್ಟಿ ನಿಂತಳು. ಮೊದಲು ಮಣ್ಣಿನ ಸಾರಣೆ, ಅದರ ಮೇಲೆ ಎರಡು ಕೈ ಸುಣ್ಣ. ಪುಂಡಿ ನಾರಿನ ಕುಂಚ ಹಿಡಿದು ಆ ಪಟ್ಟೆಯ ಮೇಲೆ ಮೂರನೇ ಕೈ ಎಳೆದವಳು ನಾನು. ಪಡಸಾಲೆಯ ಕಂಬಗಳನ್ನು ಅವ್ವ ಎಣ್ಣೆ ಹಚ್ಚಿ ತಿಕ್ಕಿದಳು. ನಮ್ಮನ್ನು ನೋಡಿ ಪಕ್ಕದ ಮನೆಯ ಮಾಬೂಬಿ ಚಿಗವ್ವ ಹಚ್ಚಿದಳು, ಅವಳನ್ನು ನೋಡಿ ಉಳಿದವರು. ರವಿವಾರ ಸಂಜೆಗೆ ಏಳೂ ಮನೆ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದವು. ಅಂಗಳಕ್ಕೆ ಸೆಗಣಿ, ಹೊಸ್ತಿಲಿಗೆ ರಂಗೋಲಿ.

ಸೋಮವಾರ ಸಾಹೇಬರು ಬಂದರು. ಮೂರು ಕಾಲಿನ ದುರ್ಬೀನು, ಕೆಂಪು ಬಿಳಿ ಬಣ್ಣದ ಉದ್ದ ಕೋಲು, ಹಿಂದೆ ಇಬ್ಬರು ಜವಾನರು. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ನಮ್ಮ ಗೋಡೆ ನೋಡಿದರು, ಮಾಬೂಬಿ ಚಿಗವ್ವನ ಗೋಡೆ ನೋಡಿದರು, ಓಣಿಯ ಕೊನೆಯತನಕ ಹೋಗಿ ತಿರುಗಿ ಬಂದರು.

“ಇಲ್ಲೆ ನೀರು ಬಂದಿದ್ದ ಗುರ್ತ ಎಲ್ಲೈತ್ರಿ?”

“ಬಂದಿತ್ರೀ ಸಾಹೇಬ್ರ, ಮನಿ ತುಂಬಾ ಬಂದಿತ್ತು,” ಅಂದಳು ಅವ್ವ, ಬಾಗಿಲ ಮರೆಯಿಂದ.

“ಇರಬಹುದವ್ವಾ. ಆದ್ರ ನಾ ಕಣ್ಣೀಲೆ ಕಂಡಿದ್ದನ್ನ ಬರೀಬೇಕು. ಎಲ್ಲಾರೂ ನಮ್ಮ ಮನಿಗೂ ಬಂದಿತ್ತು ಅಂತಾರ. ಬಾಯಿ ಮಾತಿಗೆ ಗೆರಿ ಬೀಳೂದಿಲ್ಲ, ಓಣಿ ಓಣಿಗೂ ಗುರ್ತ ಬೇಕು. ಗುರ್ತ ಸಿಕ್ರ ಬುಧವಾರ ಸಂಜೀತನ ಚಾವಡಿಗೆ ಬಂದು ತಕರಾರ ಅರ್ಜಿ ಕೊಡ್ರಿ. ನಾ ಬಂದ ನೋಡ್ತೀನಿ.”

ಅವರು ನಮ್ಮ ಓಣಿಯನ್ನು ಬಿಟ್ಟು ಗೆರೆ ಎಳೆದು ಮುಂದೆ ಹೋದರು. ಆಚೆಯ ಓಣಿಯಲ್ಲಿ ಮದುವೆಯಾಗಿ ಬಂದಾಗಿನಿಂದ ಸುಣ್ಣದ ಗಡಿಗೆ ಮುಟ್ಟದ ಗೌರವ್ವನ ಮನೆ ಎಲ್ಲರಿಗಿಂತ ಮೊದಲು ಗೆರೆಯೊಳಗೆ ಬಂದಿತ್ತು.

“ನೋಡಿದ್ಯಾ, ಮೈಗಳ್ಳಿ ಗೆದ್ದಳು!” ಅಂದಳು ಮಾಬೂಬಿ ಚಿಗವ್ವ, ಸೆರಗಿನಿಂದ ಮುಖ ಒರೆಸುತ್ತ. “ನಿನ್ನ ಸುಣ್ಣದ ಕೈ ನೋಡಿ ನಾನೂ ಹಚ್ಚಿದ್ನೆಲ್ಲ ಯವ್ವಾ. ಇಬ್ರೂ ಕೂಡೇ ಮುಳಗೂಣು ಬಿಡು.”

ಅವ್ವ ನಗಲಿಲ್ಲ. ಅಪ್ಪ ಹೊಲದಿಂದ ಬಂದು ಎಲ್ಲ ಕೇಳಿ, “ಹೋಗ್ಲಿ ಬಿಡು. ದೇವ್ರು ಇಟ್ಟಂಗ ಆಗತೈತಿ,” ಅಂದ.

“ದೇವ್ರು ಇಟ್ಟಿದ್ದ ಗುರ್ತ ಅಳಿಸಿದಾಕಿ ನಾ,” ಅಂದಳು ಅವ್ವ. “ಅಂವಾ ತನ್ನ ಕೆಲಸಾ ಮಾಡ್ಯಾನ. ಇನ್ನ ನಂದು.”

ಮಂಗಳವಾರ ಬೆಳಿಗ್ಗೆ ಎದ್ದು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಕಸ ತೆಗೆಯುವ ಕುರ್ಪಿ ಹಿಡಿದು ಗೋಡೆಯ ಮುಂದೆ ಕೂತಳು. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅದರ ಕೆಳಗಿನ ಸಾರಣೆ ಕೆರೆದರೆ ಹಳೆಯ ಮಣ್ಣೂ ಅದರ ಜೊತೆಗೇ ಕಳಚಿ ಬಂತು, ಪಟ್ಟೆ ಪುಡಿಯಾಗಿ ಅವಳ ಮಡಿಲಿಗೆ ಬಿತ್ತು. ಒಂದು ಕಡೆ ಹೋದರೆ ಇನ್ನೊಂದು ಕಡೆ ಕೆರೆದಳು. ನಾನು ಶಾಲೆಯಿಂದ ಬರುವ ಹೊತ್ತಿಗೆ ನಾಲ್ಕು ಕಡೆ ಗೋಡೆ ಗುಳಿಬಿದ್ದಿತ್ತು. ಅವ್ವನ ಬೆರಳ ಸಂದಿಗಳು ಸುಣ್ಣಕ್ಕೆ ಸುಟ್ಟು ಕೆಂಪಾಗಿ ಒಡೆದಿದ್ದವು.

ಗುರುತು ಮನೆಯಲ್ಲಿ ಇತ್ತು. ಅದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ದೇವರ ಜಗಲಿಯ ಕೋಣೆಯೊಳಗೆ ಒಂದು ಸಾಗುವಾನಿ ಕಂಬ. ಹೊಳೆ ಬಂದು ಇಳಿದ ಪ್ರತಿ ಸಲ ನೀರು ಎಲ್ಲಿತನಕ ನಿಂತಿತ್ತೋ ಆ ಮಟ್ಟಕ್ಕೆ ಆಯಿ ಐದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಮನೆಗೆ ಬಂದ ಗಂಗವ್ವ ಬರಿಗೈಲಿ ಹೋಗಬಾರದೆಂದು ಅದರ ಕೆಳಗೆ ಉಡಿ ತುಂಬುತ್ತಿದ್ದಳು. ಆಮೇಲೆ ಪ್ರತಿ ಅಮಾವಾಸ್ಯೆಗೆ ಅದೇ ಬೊಟ್ಟಿನ ಮೇಲೆ ಬೊಟ್ಟು. ಆ ಕಂಬಕ್ಕೆ ಎಣ್ಣೆಯಿಲ್ಲ, ಒರೆಸುವುದಿಲ್ಲ. ಹೊರಗಿನವರು ಆ ಕೋಣೆಗೆ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಮಟ್ಟವನ್ನು ಯಾರೂ ಅಳೆಯುವಂತಿಲ್ಲ. ಗಂಗವ್ವ ಇಷ್ಟು ಏರಿದ್ದಳು ಅಂತ ಕೋಲು ಹಚ್ಚಿ ಅಳೆದರೆ ಅವಳಿಗೆ ಮತ್ತೆ ಅಷ್ಟು ಏರಬೇಕೆನಿಸುತ್ತದೆ, ಇದು ಆಯಿಯ ನಂಬಿಕೆ. ಅವಳ ಅತ್ತೆಯ ನಂಬಿಕೆಯೂ ಅದೇ. ಅವ್ವ ಗೋಡೆ ಕೆರೆದಳೇ ಹೊರತು ಆ ಮಾತು ತೆಗೆಯಲಿಲ್ಲ.

ಹೊರಸಿನ ಮೇಲೆ ಕೂತ ಆಯಿ ಬೆಳಿಗ್ಗೆಯಿಂದ ಎಲ್ಲ ನೋಡುತ್ತಿದ್ದಳು. ಸಂಜೆ ಅವ್ವ ಅವಳಿಗೆ ನೀರು ಕೊಡಲು ಬಂದಾಗ ತಂಬಿಗೆ ತೆಗೆದುಕೊಳ್ಳದೆ ಆ ಕೈಯನ್ನೇ ಹಿಡಿದು ತಿರುವಿ ನೋಡಿದಳು.

“ಯಾಕ ಕೇಳಲಿಲ್ಲ ನನ್ನ?”

“ನಿಮ್ಮ ದೇವ್ರು, ಅತ್ತಿ. ಹ್ಯಾಂಗ ಕೇಳ್ಲಿ?”

“ದೇವ್ರು ನಿಂದಲ್ಲೇನ?” ಆಯಿ ಜಗಲಿಯ ಕಡೆ ತಿರುಗಿದಳು. “ನನ್ನ ಹುಡಗನ ಬೆನ್ನ ಮ್ಯಾಲ ನಾ ಇನ್ನೊಮ್ಮೆ ಏರಾಂಗಿಲ್ಲ. ನೀವ್ ನನ್ನ ಬಿಟ್ಟು ಹೋಗಾವ್ರೂ ಅಲ್ಲ. ಕರಕೊಂಡ ಬಾ ಸಾಹೇಬನ್ನ. ಕಾಲ ತೊಳಕೊಂಡ ಬರ್ಲಿ. ಆದ್ರ ಕೋಲು ಹಚ್ಚಾಂಗಿಲ್ಲ. ಹೇಳೀನಿ.”

ಬುಧವಾರ ನನಗೆ ಶಾಲೆ ತಪ್ಪಿಸಿದರು. ನಮ್ಮ ಮನೆಯಲ್ಲಿ ಅಕ್ಷರ ಬರೆಯುವವಳು ನಾನೊಬ್ಬಳೇ. ಪಾಟಿಚೀಲದ ಮೇಲೆ ಹಾಳೆ ಇಟ್ಟುಕೊಂಡು ಕೂತೆ.

“ಯಾರ ಹೆಸರಿಲೆ ಬರೀಲಿ? ಅಪ್ಪನ ಹೆಸರಿಲೇನ?”

“ನನ್ನ ಹೆಸರಿಲೆ ಬರಿ,” ಅಂದಳು ಅವ್ವ. “ಸುಣ್ಣಾ ಹಚ್ಚಿದಾಕಿ ನಾ.”

ಅಪ್ಪ ಎಲೆ ಅಡಿಕೆ ಜಗಿಯುವುದು ನಿಲ್ಲಿಸಿದ. “ಹೆಣಮಕ್ಳು ಚಾವಡಿಗೆ ಹೋಗೂದು ನಮ್ಮ ಮನ್ಯಾಗ—”

“ಹೊಳಿ ಹೆಣಮಗಳಲ್ಲೇನ? ಚಾವಡಿ ಕಟ್ಟೀತನ ಬಂದಿದ್ಲಲ್ಲ, ಯಾರ ಬ್ಯಾಡಂದ್ರು?” ಅಂದಳು ಆಯಿ ಹೊರಸಿನಿಂದ. ಅಪ್ಪ ಎದ್ದು ರುಮಾಲು ಸುತ್ತಿಕೊಂಡ. ಹತ್ತು ಹೆಜ್ಜೆ ಹಿಂದೆ ಅವನೂ ಬಂದ. ಅವನ ಹಿಂದೆ ಮಾಬೂಬಿ ಚಿಗವ್ವ.

ಚಾವಡಿಯ ಕಟ್ಟೆಯ ಮೇಲೆ ಗಂಡಸರು ತುಂಬಿದ್ದರು. ಅವ್ವ ತಲೆತುಂಬ ಸೆರಗು ಹೊದ್ದು ಮೆಟ್ಟಿಲ ಕೆಳಗೇ ನಿಂತಳು. ನಾನು ಹತ್ತಿ ಅರ್ಜಿ ಕೊಟ್ಟೆ. ಸಾಹೇಬರು ನನ್ನ ಗುಂಡು ಅಕ್ಷರ ಪೂರ್ತಿ ಓದಿ, ಮೇಲೆ ಕೂತಿದ್ದವರನ್ನು ಬಿಟ್ಟು ಕೆಳಗೆ ನೋಡಿ ಕೇಳಿದರು:

“ಗುರ್ತ ಐತೇನವ್ವಾ?”

“ಐತ್ರಿ. ಆದ್ರ ಕಾಲ ತೊಳಕೊಂಡ ಬರಬೇಕ್ರಿ.”

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಸಾಹೇಬರು ಎದ್ದು ಚಪ್ಪಲಿ ಮೆಟ್ಟಿದರು.

ನಮ್ಮ ಅಂಗಳದಲ್ಲಿ ಅವರು ಕಾಲು ತೊಳೆದರು, ಅವರ ಜವಾನರೂ ತೊಳೆದರು. ಕೋಣೆಯ ಬಾಗಿಲು ಗಿಡ್ಡ. ಬಗ್ಗಿ ಒಳಗೆ ಬಂದು ಮೊದಲು ಜಗಲಿಗೆ ಕೈ ಮುಗಿದರು. ಅವ್ವ ಚಿಮಣಿ ದೀಪ ಎತ್ತಿ ಹಿಡಿದಳು. ಕಂಬದ ಮೇಲೆ ಬೊಟ್ಟುಗಳ ಮೂರು ಸಾಲು, ಅಮಾವಾಸ್ಯೆ ಅಮಾವಾಸ್ಯೆಯ ಕುಂಕುಮ ಸೇರಿ ಹಕ್ಕಳೆಗಟ್ಟಿದ್ದವು. ಎಲ್ಲಕ್ಕಿಂತ ಮೇಲಿನ ಸಾಲು ಎರಡು ವರ್ಷದ ಹಿಂದಿನದು. ಸಾಹೇಬರು ಮುಟ್ಟಲಿಲ್ಲ. ಕಂಬದ ಬಿರುಕುಗಳನ್ನು ಹತ್ತಿರದಿಂದ ನೋಡಿದರು. ಬೊಟ್ಟಿನ ಕೆಳಗಿನ ಬಿರುಕಿನಲ್ಲೆಲ್ಲ ಬೂದುಬಣ್ಣದ ಹೊಳೆಮಣ್ಣು ಗಟ್ಟಿಯಾಗಿ ಕೂತಿತ್ತು. ಮೇಲೆ ಬರೀ ಒಲೆಯ ಮಸಿ.

“ಖರೇ ಐತಿ,” ಅಂದರು. “ಒಂದ ಓಣ್ಯಾಗ ನೀರು ಎಲ್ಲಾ ಕಡೆ ಒಂದ ಮಟ್ಟ ನಿಲ್ಲತೈತಿ. ಇದೊಂದ ಗುರ್ತ ಸಾಕು, ದುರ್ಬೀನು ಹಚ್ಚಿ ಓಣಿಗೆಲ್ಲ ಗೆರಿ ಹಾಕ್ತೀನಿ. ಕೋಲ ತರ್ರೆಪಾ.”

“ಕೋಲು ಬ್ಯಾಡ,” ಅಂದಳು ಆಯಿ. ಗೋಡೆ ಹಿಡಿದು ಬಾಗಿಲತನಕ ಬಂದು ನಿಂತಿದ್ದಳು.

“ಅಳೀದ ಹ್ಯಾಂಗ ಬರೀಲಿ ಆಯಿ?”

ಬಾಗಿಲ ಹೊರಗೆ ಮಾಬೂಬಿ ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಏಳು ಮನೆಯ ಜಾಗ ಆ ಹೊತ್ತು ನನ್ನ ಆಯಿಯ ನಾಲಿಗೆಯ ತುದಿಯಲ್ಲಿತ್ತು.

ಆಯಿ ನನ್ನ ರಟ್ಟೆ ಹಿಡಿದು ಎಳೆದು ಕಂಬಕ್ಕೆ ಬೆನ್ನು ಹಚ್ಚಿ ನಿಲ್ಲಿಸಿದಳು. “ನೆಟ್ಟಗ ನಿಂದ್ರು. ಹಿಮ್ಮಡಿ ಎತ್ತಬ್ಯಾಡ.” ಕುಂಕುಮದ ಭರಣಿಯಲ್ಲಿ ಬೆರಳು ಅದ್ದಿ, ಮೇಲಿನ ಸಾಲಿನ ಸರಿಗೆ ನನ್ನ ಹಣೆಯ ಮೇಲೆ ಒಂದು ಬೊಟ್ಟು ಒತ್ತಿದಳು. ಎರಡು ಹುಬ್ಬಿನ ನಡುವಿಗಿಂತ ಒಂದು ಬೆರಳು ಮೇಲೆ ಬಂತು. ಬೆರಳು ತಣ್ಣಗಿತ್ತು.

“ಗಂಗವ್ವನ್ನ ಅಳೀಬಾರದು. ನನ್ನ ಮೊಮ್ಮಗಳನ್ನ ಅಳಿ.”

ಸಾಹೇಬರು ನನ್ನನ್ನು ಕಂಬದಿಂದ ಎರಡು ಹೆಜ್ಜೆ ಈಚೆಗೆ ನಿಲ್ಲಿಸಿಕೊಂಡರು. ಜವಾನ ಕೋಲು ತಂದು ನನ್ನ ಮಗ್ಗುಲಿಗೆ ಹಿಡಿದ. ಸಾಹೇಬರು ಒಂದು ಮೊಳಕಾಲೂರಿ ಕೂತು ಅಂಗಾಲಿನಿಂದ ಬೊಟ್ಟಿನತನಕ ಓದಿ ಪುಸ್ತಕದಲ್ಲಿ ಬರೆದುಕೊಂಡರು. ನಾನು ಉಸಿರು ಬಿಗಿಹಿಡಿದಿದ್ದೆ, ಉಸಿರಾಡಿದರೆ ಹೊಳೆ ಅಲ್ಲಾಡಿತೆಂದು. ಹೋಗುವಾಗ ಅವ್ವ ಕೊಟ್ಟ ಸೀತನಿಯನ್ನು ಅವರು ನಿಂತೇ ತಿಂದರು. ಸಾರಿಸಿದ ನೆಲದ ಮೇಲೆ ಅವರ ಒದ್ದೆ ಹೆಜ್ಜೆಗಳು ಸ್ವಲ್ಪ ಹೊತ್ತು ಇದ್ದವು. ಅವ್ವ ಅವು ಆರುವತನಕ ಕಸ ಹೊಡೆಯಲಿಲ್ಲ.

ಬುಧವಾರ ಸಂಜೆಗೆ ನಮ್ಮ ಓಣಿ ಗೆರೆಯೊಳಗೆ ಬಂತು. ಮುಂದಿನ ವರ್ಷ ದಿನ್ನೆಯ ಮೇಲೆ ಏಳೂ ಮನೆ ಎದ್ದವು. ಆಮೇಲೆ ಎರಡು ಸಲ ಹೊಳೆ ಬಂತು, ಆಯಿ ತನ್ನ ಹೊರಸಿನ ಮೇಲೆ ಒದ್ದೆಯಾಗದ ಕಾಲು ಚಾಚಿ ಕೂತು ನೋಡಿದಳು. ಅವಳನ್ನು ಅಪ್ಪ ಮತ್ತೆ ಹೆಗಲು ಕೊಟ್ಟು ಹೊತ್ತದ್ದು ಒಂದೇ ಸಲ, ಅದು ನೀರಿನ ದೆಸೆಯಿಂದ ಅಲ್ಲ. ದೇವರು ಕೊಟ್ಟ ಇಷ್ಟನ್ನು ನಾನು ದಿನಾ ಬೆಳಿಗ್ಗೆ ಎಣಿಸುತ್ತೇನೆ.

ನಾನೀಗ ಇರುವುದು ಗಜೇಂದ್ರಗಡದಲ್ಲಿ. ಸರಕಾರದ ಹಲಗೆ ಮೊಬೈಲಿನೊಳಗೆ ಟಿಣ್ ಅನ್ನುತ್ತದೆ. ಮೊನ್ನೆ ಬೆಳೆ ಸಮೀಕ್ಷೆಯದು ಬಂದಿತ್ತು, ಆಕ್ಷೇಪಣೆ ಇದ್ದರೆ ಇಷ್ಟು ದಿನದೊಳಗೆ ತಿಳಿಸಿ ಎಂದು. ನಮ್ಮ ಹೊಲದಲ್ಲಿ ಬರೀ ಜೋಳ ಎಂದು ಬರೆದಿದ್ದರು. ನಡುನಡುವೆ ಹಾಕಿದ ಕುಸುಬೆಯ ಸಾಲುಗಳು ಸಮೀಕ್ಷೆಯ ಕಣ್ಣಿಗೆ ಕಂಡಿರಲಿಲ್ಲ. “ಯಾರ ಓದ್ತಾರ ಬಿಡು,” ಅಂದರು ನಮ್ಮ ಯಜಮಾನರು. ಓದಲಿ ಬಿಡಲಿ, ನಾನು ಹೊಲಕ್ಕೆ ಹೋಗಿ ಕುಸುಬೆಯ ಮುಳ್ಳು ಚುಚ್ಚಿಸಿಕೊಂಡು ಫೋಟೋ ತೆಗೆದು ಕಳಿಸಿದೆ. ಸರಿಪಡಿಸಲಾಗಿದೆ ಅಂತ ಬಂತು. ಅದೂ ದೇವರ ದಯೆಯೇ. ಆದರೆ ಅದನ್ನು ಬರೆದವರ ಮುಖ ನಾನು ಕಾಣಲಿಲ್ಲ, ಅವರು ನಮ್ಮ ಅಂಗಳದಲ್ಲಿ ಕಾಲು ತೊಳೆಯಲಿಲ್ಲ, ಅವರ ಕೈಗೆ ಒಂದು ಹಿಡಿ ಸೀತನಿ ಇಡುವ ಭಾಗ್ಯ ನನಗಿರಲಿಲ್ಲ.

ಆಯಿಯ ಕಂಬ ದಿನ್ನೆಯ ಮನೆಯಲ್ಲಿದೆ. ಸಾಗಿಸುವಾಗ ಬುಡ ಕುಂಬಾಗಿದೆಯೆಂದು ಬಡಿಗೇರ ಒಂದು ಗೇಣು ಕೊಯ್ದು ತೆಗೆದ. ಬೊಟ್ಟುಗಳು ಅಷ್ಟು ಕೆಳಗೆ ಇಳಿದು ಸುಳ್ಳಾದವು. ಹಳೆಯ ಓಣಿಯಲ್ಲಿ ಜಾಲಿ ಬೆಳೆದು, ಗೋಡೆಗಳು ಮಣ್ಣಿಗೆ ಮಣ್ಣಾಗಿವೆ. ಹೋದ ಶ್ರಾವಣದಲ್ಲಿ ಊರಿಗೆ ಹೋದಾಗ ಮುಳ್ಳು ಸರಿಸಿ ಒಳಗೆ ಹೋದೆ. ಜಗಲಿಯ ಕೋಣೆಯ ಹಾಸುಗಲ್ಲು ಒಂದೇ ಉಳಿದಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ನೆಟ್ಟಗೆ ನಿಂತೆ. ಆಯಿ ಇಲ್ಲ, ಅವ್ವ ಇಲ್ಲ, ಹಿಮ್ಮಡಿ ಎತ್ತಬೇಡ ಅನ್ನುವವರಿಲ್ಲ. ಅಂದು ಹಣೆಗೆ ಬಂದ ಹೊಳೆ ಎಲ್ಲಿಗೆ ಬರುತ್ತದೆಂದು ಕೈಯಿಂದ ನೋಡಿಕೊಂಡೆ. ಈಗ ಎದೆಯ ಮಟ್ಟ.