ದೊಡ್ಡಮ್ಮ ಹೇಳುತ್ತಿದ್ದ ಅಪ್ಪನ ಎದೆನೋವು

ಮೊನ್ನೆ ಹಿಂದೂಪುರದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬಾಗಿಲು ತಳ್ಳಿದ್ದೇ ತಡ, ಲವಂಗದ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ನಾನು ಹೋಗಿದ್ದು ಹುಳುಕು ಹಲ್ಲೊಂದನ್ನು ತೋರಿಸಲಿಕ್ಕೆ. ಆ ವಾಸನೆಗೆ ಹಲ್ಲು ಮರೆತೇಹೋಯಿತು. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ಸೆರಗಿನ ತುದಿಯ ಗಂಟು ಬಿಚ್ಚುತ್ತಿರುವ ಹಾಗಾಯಿತು...

ದೊಡ್ಡಮ್ಮ ಅಂದರೆ ನೆಂಟಸ್ತಿಕೆಯೇನೂ ಇರಲಿಲ್ಲ. ನಮ್ಮದು ನೇಯ್ಗೆಯವರ ಮನೆ. ಮಗ್ಗ ತಾತನ ಕಾಲಕ್ಕೇ ನಿಂತಿತ್ತು, ಅಪ್ಪ ಸೀರೆ ಅಂಗಡಿ ಇಟ್ಟಿದ್ದರು. ಅವರದು ವಿಭೂತಿ ಹಚ್ಚುವವರ ಮನೆ, ಕಡಲೆಕಾಯಿ ವ್ಯಾಪಾರ. ಕಲ್ಯಾಣದುರ್ಗದಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದವರು, ನನಗೆ ಬುದ್ಧಿ ಬರುವಷ್ಟರಲ್ಲಿ ಬೀದಿಗೆಲ್ಲ ದೊಡ್ಡಮ್ಮನಾಗಿಬಿಟ್ಟಿದ್ದರು. ನಾನು ಮಾತು ಕಲಿತದ್ದು ಅರ್ಧ ಅಮ್ಮನಿಂದ, ಅರ್ಧ ಅವರಿಂದ. ಕನ್ನಡದಲ್ಲಿ ಹಿಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು. ನಡುವೆ ಎಲ್ಲಿ ದಾಟಿದರು ಅನ್ನುವುದು ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅಪ್ಪನಿಗೆ ಎದೆನೋವು ಬಂದಿದ್ದು ಅಂಗಡಿಯಲ್ಲಿ, ಗಿರಾಕಿಗೆ ತೋರಿಸಿದ ಸೀರೆಯನ್ನು ಮತ್ತೆ ಮಡಿಸುತ್ತಿದ್ದಾಗ. ಎದೆ ಹಿಡಿದುಕೊಂಡು ಕೂತರು, ಎಡಗೈ ಸೆಳೆಯಿತು, ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಪುಣ್ಯಕ್ಕೆ ಗಿರಾಕಿಯದೇ ಕಾರಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮುಚ್ಚಿಹೋಗಿದ್ದ ರಕ್ತನಾಳವನ್ನು ಬಿಡಿಸಿ ಸ್ಟೆಂಟ್ ಹಾಕಿದರು.

ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. ರಕ್ತ ಸಿಗದೆ ಹೃದಯದ ಒಂದಷ್ಟು ಭಾಗ ಸತ್ತಿದೆ, ಅದು ಮತ್ತೆ ಬರುವುದಿಲ್ಲ. ಅದರ ಸುತ್ತ ಇನ್ನೊಂದಷ್ಟು ಭಾಗದಲ್ಲಿ ಜೀವವಿದೆ, ಆದರೆ ಪೆಟ್ಟು ತಿಂದು ಮಂಪರಿನಲ್ಲಿದೆ, ಬಡಿಯುತ್ತಿಲ್ಲ. ಅದು ಏಳುತ್ತದೋ ಇಲ್ಲವೋ ಕೆಲವು ವಾರ ಕಾದು ನೋಡಬೇಕು. ಎದ್ದರೆ ಮನುಷ್ಯ ಮೊದಲಿನಂತೆ ಓಡಾಡಬಹುದು, ಏಳದಿದ್ದರೆ ಮೆಟ್ಟಿಲು ಹತ್ತುವುದೂ ಕಷ್ಟ. ಮಾತ್ರೆಗಳು ಹೃದಯದ ಓಟವನ್ನು ತಗ್ಗಿಸುತ್ತವೆ, ಕೆಲಸ ಕಮ್ಮಿಯಾದಷ್ಟೂ ಅದಕ್ಕೆ ಬೇಕಾದ ರಕ್ತವೂ ಕಮ್ಮಿ. ಮಿಕ್ಕದ್ದು ಮನೆಯವರ ಕೈಯಲ್ಲಿದೆ, ಅವರ ಎದೆ ಜೋರಾಗಿ ಓಡದ ಹಾಗೆ ನೋಡಿಕೊಳ್ಳಿ ಅಂದರು.

ನಾವು ಭಾರ ಎತ್ತಿಸಲಿಲ್ಲ, ಉಪ್ಪು ತಗ್ಗಿಸಿದೆವು. ಆದರೆ ನೋಡಲು ಬರುವವರನ್ನು ಏನು ಮಾಡುವುದು? ನಮ್ಮ ಕಡೆ ಕಾಯಿಲೆ ಬಿದ್ದವರನ್ನು ಮಾತಾಡಿಸಿಕೊಂಡು ಬರದಿದ್ದರೆ ಆ ಮುನಿಸು ಮದುವೆಯವರೆಗೂ ಹೋಗುತ್ತದೆ. ಪೆನುಕೊಂಡ, ಕಂಬದೂರು, ಎಲ್ಲೆಲ್ಲಿಂದಲೋ ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಬಂದರು. ಎಲ್ಲರದೂ ಒಂದೇ ಪ್ರಶ್ನೆ, ಹೇಗಾಯಿತು? ಅಪ್ಪನಿಗೋ ಹೇಳುವ ಹುಚ್ಚು. ಮಂಚದಿಂದ ಎದ್ದು ಸೀರೆ ಮಡಿಸಿ ತೋರಿಸುತ್ತಿದ್ದರು, ಎದೆ ಹಿಡಿದುಕೊಂಡು ಬಿದ್ದು ತೋರಿಸುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಹಣೆಯ ಮೇಲೆ ಬೆವರು. ಬಿ.ಪಿ. ನೋಡಲು ಬರುತ್ತಿದ್ದ ನರ್ಸಮ್ಮ ನಾಡಿ ಹಿಡಿದು, ಇದು ಹೀಗೆ ಓಡಿದರೆ ಮಾತ್ರೆ ಕೊಟ್ಟೂ ದಂಡ ಅಂದರು. ಅಮ್ಮನಿಗೆ ಬಂದವರನ್ನು ಬರಬೇಡಿ ಅನ್ನಲು ಬಾಯಿ ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತರು.

ಆ ಮಧ್ಯಾಹ್ನ ದೊಡ್ಡಮ್ಮ ಬಂದು ಅಪ್ಪನ ಮಂಚದ ಪಕ್ಕ ಕೂತರು.

"ಒಂದೇ ಒಂದ್ಸಲ ಪೂರ್ತಿ ಹೇಳ್ಬುಡಪ್ಪ, ಮಲಕ್ಕೊಂಡೇ ಹೇಳು. ಆಮ್ಯಾಕೆ ಅದು ನಂದು. ನೀನು ಬಾಯಿ ಬಿಡಂಗಿಲ್ಲ."

ಮಾರನೆಯ ದಿನದಿಂದ ನಮ್ಮ ಜಗುಲಿಯ ಮೇಲೆ ಅವರ ಚಾಪೆ ಬಿತ್ತು. ಬಂದವರ ಕೈಯಿಂದ ಹಣ್ಣು ಇಸಕೊಂಡು, ಮಜ್ಜಿಗೆ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪನ ಎದೆನೋವನ್ನು ಅವರೇ ಹೇಳತೊಡಗಿದರು. ಎದೆ ಹಿಡಿದುಕೊಳ್ಳುತ್ತಿದ್ದರು, ಎಡಗೈ ಉಜ್ಜುತ್ತಿದ್ದರು, ಸೆರಗಿನಿಂದ ಇಲ್ಲದ ಬೆವರು ಒರೆಸುತ್ತಿದ್ದರು. ಕೇಳಿದವರಿಗೆ ರೋಗಿಯನ್ನು ನೋಡಿದಷ್ಟೇ ಸಮಾಧಾನ. ತೆಲುಗಿನವರು ಬಂದರೆ ಕೊನೆಗೆ ದನಿ ತಗ್ಗಿಸಿ, "ಗುಂಡೆ ನಿದ್ರಪೋತಾಂದಿ, ಲೇಪೊದ್ದಂಡಿ" ಅನ್ನುತ್ತಿದ್ದರು. ಹೃದಯ ಮಲಗಿದೆ, ಎಬ್ಬಿಸಬೇಡಿ ಅಂತ. ನಾಳ ಬಿಡಿಸಿ ರಕ್ತ ಬಂತಲ್ಲ, ಇನ್ನೇಕೆ ಮಲಗಿಸಿದ್ದೀರಿ ಅಂತ ಯಾರಾದರೂ ತಕರಾರು ತೆಗೆದರೆ ಅದಕ್ಕೂ ಉತ್ತರವಿತ್ತು.

"ದಿನಗಟ್ಲೆ ಉಪಾಸ ಬಿದ್ದೋನಿಗೆ ಎದ್ದೇಟ್ಗೆ ಒಬ್ಬಟ್ಟು ಇಕ್ತೀಯೇನಪ್ಪ? ಮದ್ಲು ಗಂಜಿ. ಅದೂ ಅಂಗೇಯ."

ಒಳಗಿನಿಂದ ಅಪ್ಪ ಸುಮ್ಮನಿರುತ್ತಿರಲಿಲ್ಲ. ದೊಡ್ಡಮ್ಮನ ಕಥೆಯಲ್ಲಿ ಅಪ್ಪ ಮಡಿಸುತ್ತಿದ್ದದ್ದು ಹಸಿರು ಸೀರೆ. ಆ ಮಾತು ಬಂದ ಕೂಡಲೇ ಕೋಣೆಯಿಂದ ದನಿ ಬರುತ್ತಿತ್ತು.

"ಹಸುರಲ್ಲ ಅತ್ತಿಗೆ, ಅರಿಶಿನದ ಸೀರೆ."

"ಮಲಕ್ಕಳಪ್ಪ ಸುಮ್ಕೆ. ಎದೆನೋವು ಬಂದೋನಿಗೆ ಬಣ್ಣ ಎಲ್ಲಿ ಕಾಣ್ತಿತ್ತು?"

ಜಗುಲಿಯವರೆಲ್ಲ ನಗುತ್ತಿದ್ದರು. ಒಳಗೆ ಅಪ್ಪನೂ ಮೆಲ್ಲಗೆ ನಗುತ್ತಿದ್ದರು. ನರ್ಸಮ್ಮ ಅಷ್ಟು ನಗೆಗೆ ಅಡ್ಡಿಯಿಲ್ಲ ಅಂದಿದ್ದರು.

ಕುಂದುರ್ಪಿಯಿಂದ ಅಪ್ಪನ ಚಿಕ್ಕಪ್ಪ ಬಂದರು, ಬಸ್ಸು ಬದಲಿಸಿ ಬದಲಿಸಿ ಬಂದ ಮುದುಕರು. ಕಥೆ ಕೇಳಿ ಹೋಗಲು ಬಂದಿಲ್ಲ, ನನ್ನ ಮಗನ ಮುಖ ನೋಡದೆ ಬಸ್ಸು ಹತ್ತುವುದಿಲ್ಲ ಅಂತ ಪಟ್ಟು ಹಿಡಿದರು. ದೊಡ್ಡಮ್ಮ ಅವರ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ನೋಡಿ, ಆದರೆ ಮಾತು ಬೇಡ ಅಂದರು. ಅಪ್ಪ ನಿದ್ದೆಯಲ್ಲಿದ್ದರು. ಮುದುಕರು ಕಂಬಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಗುಡಿಯಲ್ಲಿ ಮಾಡುವ ಹಾಗೆ ಎರಡೂ ಕೈ ಕಣ್ಣಿಗೊತ್ತಿಕೊಂಡು, ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಡಾಕ್ಟರು ಹೇಳಿದ ವಾರಗಳು ಕಳೆದು, ಮತ್ತೆ ಹೃದಯದ ಎಕೋ ಸ್ಕ್ಯಾನ್ ಮಾಡಿಸುವ ದಿನ ದೊಡ್ಡಮ್ಮನೂ ಕಾರು ಹತ್ತಿದರು. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಒಂದು ಚೂರು ಹಾಗೇ ಕಲ್ಲಿನಂತೆ ನಿಂತಿತ್ತು. ಅದರ ಸುತ್ತ, ಮೊದಲು ಅಲುಗದಿದ್ದ ಕಡೆ, ಈಗ ಮೆಲ್ಲಗೆ ಮುದುಡಿ ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ನನ್ನ ತೋಳನ್ನು ಹಿಡಿದ ಹಿಡಿತ ಇನ್ನೂ ನೆನಪಿದೆ.

"ಎದ್ದೈತಾ ಸ್ವಾಮಿ?" ದೊಡ್ಡಮ್ಮ ಕೇಳಿದರು.

ಎದ್ದಿದೆ ಅಂದರು ಡಾಕ್ಟರು.

"ಅಂಗಾರೆ ಮಕ ತೊಳ್ಸಿ ಕಾಫಿ ಕೊಡ್ರಿ."

ಅಪ್ಪ ಮತ್ತೆ ಅಂಗಡಿಗೆ ಹೋಗತೊಡಗಿದರು. ದೊಡ್ಡಮ್ಮನ ಚಾಪೆ ಅವರ ಜಗುಲಿಗೆ ವಾಪಸ್ಸಾಯಿತು. ಕಥೆ ಮಾತ್ರ ಅವರ ಬಳಿಯೇ ಉಳಿಯಿತು. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಯಾರಾದರೂ ಎದೆ ಅಂದರೆ ಸಾಕು, ಶುರು. ನಮ್ಮ ಬೀದಿಯ ಚಿಕ್ಕ ಮಕ್ಕಳಿಗೂ ಹೃದಯಾಘಾತ ಅಂದರೆ ಏನು ಅಂತ ಗೊತ್ತಿತ್ತು. ಎದೆ ಹಿಡಿದುಕೊಳ್ಳಬೇಕು, ಎಡಗೈ ಸೆಳೆಯಬೇಕು, ಬೆವರಬೇಕು...

ಕೆಲವು ವರ್ಷ ಕಳೆದಿರಬೇಕು. ದೊಡ್ಡಮ್ಮ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಅಂತ ಕಲ್ಯಾಣದುರ್ಗಕ್ಕೆ ಹೋದರು. ಅಲ್ಲಿಂದ ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಸ್ಪೀಕರ್ ಹಾಕಿ ನಮಗೆಲ್ಲ ಕೇಳಿಸಿದರು.

"ದವಡೆ ಎಳೀತೈತೆ ಕಣಮ್ಮ. ತಮ್ಮನ ಮನೆ ಮಹಡಿ ಮ್ಯಾಗೈತಲ್ಲ, ಮೆಟ್ಲು ಹತ್ತಿದ್ರೆ ಜಾಸ್ತಿ, ಕೂತ್ಕಂಡ್ರೆ ಕಮ್ಮಿ. ಹಾಳು ಹಲ್ಲು. ಲವಂಗ ಒತ್ಕಂಡಿವ್ನಿ."

ಅಪ್ಪ ನಕ್ಕು, ಮೆಟ್ಟಿಲು ಗುರುತು ಹಿಡಿಯುವ ಹಲ್ಲು ನಿಮಗೊಬ್ಬರಿಗೇ ಇರುವುದು ಅತ್ತಿಗೆ ಅಂದರು. ನಾವೂ ನಕ್ಕೆವು. ಅವರೂ ನಕ್ಕರು. ನಾಮಕರಣ ಮುಗಿಸಿಕೊಂಡು ಬತ್ತೀನಿ, ಹಿಂದೂಪುರದಲ್ಲೇ ಕೀಳಿಸ್ತೀನಿ ಅಂದರು.

ನಾಮಕರಣದ ದಿನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ವಾಂತಿಯಾಯಿತಂತೆ. ಹೋಳಿಗೆಯ ಪಿತ್ತ ಅಂದುಕೊಂಡರಂತೆ. ಎದೆನೋವಿಲ್ಲ, ಕೈ ಸೆಳೆತವಿಲ್ಲ. ಬಹಳ ಸುಸ್ತು ಅಂತ ಮಲಗಿದವರು ಮಾತಾಡಿಸಿದರೆ ಸರಿಯಾಗಿ ಮಾತಾಡದಾದಾಗ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ನೋಡಿದ ಡಾಕ್ಟರು ತಕ್ಷಣ ಅನಂತಪುರಕ್ಕೆ ಆಂಬುಲೆನ್ಸ್ ಹತ್ತಿಸಿದರು. ದೊಡ್ಡಮ್ಮ ದಾರಿಯಲ್ಲೇ ಹೋದರು.

ಹೆಂಗಸರಿಗೆ ಎಷ್ಟೋ ಸಲ ಹೀಗೇ ಬರುತ್ತದೆ, ದವಡೆಯಲ್ಲಿ, ಬೆನ್ನಿನಲ್ಲಿ, ಹೊಟ್ಟೆ ತೊಳೆಸಿ, ಅಂತ ಆ ಡಾಕ್ಟರು ಅವರ ತಮ್ಮನಿಗೆ ಹೇಳಿದರಂತೆ. ನಡೆದಾಗ ಬಂದು ಕೂತಾಗ ಹೋಗುವ ನೋವು ಹಲ್ಲಿನದಲ್ಲ, ದವಡೆ ಎಳೆದ ದಿನವೇ ಬಂದಿದ್ದರೆ ಹೃದಯವನ್ನು ಕಾಪಾಡಲು ಸಮಯವಿತ್ತು ಅಂತಲೂ. ನಮಗೆ ಗೊತ್ತಿದ್ದದ್ದು ಅಪ್ಪನ ಎದೆನೋವೊಂದೇ. ದೊಡ್ಡಮ್ಮನಿಗೆ ಗೊತ್ತಿದ್ದದ್ದೂ ಅದೇ. ಅದನ್ನು ಅಷ್ಟು ಚೆನ್ನಾಗಿ ಹೇಳುತ್ತಿದ್ದ ಬಾಯಿಯೊಳಗೇ ತನ್ನದು ಬಂದು ಕೂತಾಗ ಅವರು ಅದಕ್ಕೆ ಲವಂಗ ಒತ್ತಿದರು.

ದೇಹವನ್ನು ತಮ್ಮನ ಮನೆಗೇ ವಾಪಸ್ಸು ತಂದಿದ್ದರು, ಕಲ್ಯಾಣದುರ್ಗಕ್ಕೆ ನಾವೆಲ್ಲ ಹೋದೆವು. ಹಣೆಯ ತುಂಬ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಏನೋ ಹೇಳಲು ಶುರು ಮಾಡುವ ಮುಂಚೆ ಕೂರುತ್ತಿದ್ದರಲ್ಲ, ಹಾಗೇ. ಬಿಚ್ಚಿಟ್ಟ ಸೀರೆಯನ್ನು ತಮ್ಮನ ಹೆಂಡತಿ ಅಮ್ಮನ ಕೈಗೆ ಕೊಟ್ಟರು. ಸೆರಗಿನ ಗಂಟಿನಲ್ಲಿ ಇನ್ನೂ ಲವಂಗ ಉಳಿದಿದ್ದವು. ಬಂದವರೆಲ್ಲ ಹೇಗಾಯಿತು, ಹೇಗಾಯಿತು ಅಂತ ಕೇಳುತ್ತಿದ್ದರು. ಮನೆಯವರು ಬಾಯಿ ತೆಗೆಯಲಾರದೆ ಅಳುತ್ತಿದ್ದರು. ಸ್ವಲ್ಪ ಹೊತ್ತು ನೋಡಿದ ಅಪ್ಪ ಮೆಟ್ಟಿಲ ಬಳಿ ಒಂದು ಕುರ್ಚಿ ಹಾಕಿಕೊಂಡು ಕೂತರು. ಬಂದವರಿಗೆ ಒಬ್ಬೊಬ್ಬರಿಗೂ ಅವರೇ ಹೇಳಿದರು, ದವಡೆಯಿಂದ ಶುರು ಮಾಡಿ. ಅಮ್ಮ ಹೋಗಿ, ನಿಮ್ಮ ಎದೆ ನೋಡಿಕೊಳ್ಳಿ ಅಂದರೆ, "ಇದನ್ನ ಉಳಿಸಿಕೊಟ್ಟೋರೇ ಅವ್ರು ಕಣೆ, ಅವರಿಗಿಷ್ಟೂ ಓಡದಿದ್ರೆ ಹೆಂಗೆ?" ಅಂದರು.

ಅಪ್ಪನಿಗೆ ಈಗ ಕಿವಿ ಮಂದ. ಮಾತು ಕಮ್ಮಿ. ದೊಡ್ಡಮ್ಮನ ಕಥೆ ನನ್ನ ಪಾಲಿಗೆ ಬಂದಿದೆ.

ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ನನ್ನ ಎದುರಿಗೆ ವಯಸ್ಸಾದ ಹೆಂಗಸೊಬ್ಬರು ದವಡೆ ಹಿಡಿದುಕೊಂಡು ಕೂತಿದ್ದರು. ತಡೆಯಲಾಗಲಿಲ್ಲ, ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೇನಮ್ಮ ಅಂತ ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಇಲ್ಲಪ್ಪ, ಕಡಲೆಕಾಯಿ ಚಿಕ್ಕಿ ಕಡಿದರೆ ಅಂದರು. ಮನಸ್ಸು ನಿರಾಳವಾಯಿತು. ಯಾಕೆ ಕೇಳಿದೆ ಅಂತ ಹೇಳಬೇಕಲ್ಲ, ದೊಡ್ಡಮ್ಮನದೂ ಅಪ್ಪನದೂ ಎರಡೂ ಹೇಳಿದೆ. ದವಡೆ ಹಿಡಿದುಕೊಂಡೆ, ಇಲ್ಲದ ಸೆರಗಿನ ಗಂಟು ಬಿಚ್ಚಿದೆ. ಕಾಯುತ್ತಿದ್ದವರೆಲ್ಲ ಮೊಬೈಲು ಕೆಳಗಿಟ್ಟು ಕೇಳಿದರು.

ಅಪ್ಪ ಮಡಿಸುತ್ತಿದ್ದ ಸೀರೆಯ ಮಾತು ಬಂದಾಗ ನಾನು ಬಾಯಿಗೆ ಬಂದ ಬಣ್ಣ ಹೇಳಿದೆ, ನೀಲಿ ಅಂತ. ಹೇಳಿ ಒಂದು ಗಳಿಗೆ ನಿಲ್ಲಿಸಿದೆ...

ಒಳಗಿನಿಂದ ಯಾರೂ ತಿದ್ದಲಿಲ್ಲ.