ಇಂಗ್ಲಿಷಿಗೆ ಬಂದ ಜಿಗಿ

ಬಸವನ ಬಾಗೇವಾಡಿಯ ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಬೆಳಗಾಗುವುದೇ ಜೋಳದ ರೊಟ್ಟಿ ಬಡಿಯುವ ಸಪ್ಪಳದಿಂದ. ನಿಮಗಾದರೆ ಅದನ್ನು ಕೇಳಿ ಹಸಿವಾಗಬಹುದು. ನನ್ನ ಬಾಯಿಂದ ಮಾತ್ರ, ಹಲ್ಲುಜ್ಜುತ್ತಿದ್ದರೂ, ಒಂದು ಇಂಗ್ಲಿಷ್ ವಾಕ್ಯ ಹೊರಡುತ್ತದೆ. ಇದಕ್ಕೆ ಕಾರಣ ಸಿಂದಗಿಯ ಕುಲಕರ್ಣಿ ಅಕ್ಕೋರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಬೆಕ್ಕನ್ನು ಬೈಯುವುದು ಇಂಗ್ಲಿಷಿನಲ್ಲಿ.

ನಾನು ಅವರ ಬಳಿ ಹೋದದ್ದು ಸೋತ ಮೇಲೆ. ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಶಿಕ್ಷಕನ ಕೆಲಸಕ್ಕೆ ಮಾದರಿ ಪಾಠ ಮಾಡಿದ್ದೆ. ಒಂದೊಂದು ಪದವನ್ನೂ ಗೇಣು ಜಾಗ ಬಿಟ್ಟು ಉಚ್ಚರಿಸಿದೆ. ಮಕ್ಕಳು ಸ್ವಲ್ಪ ಹೊತ್ತು ನೋಡಿ ಆಕಳಿಸಿದರು. ದಿನಚರಿಯಲ್ಲಿ ಕಲಿತ ಪದಕ್ಕೆಲ್ಲ ತಾರೀಖು ಹಾಕಿ ಒಂದೊಂದು ಗೆರೆ ಎಳೆಯುವ ಮನುಷ್ಯ ನಾನು. ಮಾತೂ ಗೆರೆ ಎಳೆದಂತೆಯೇ ಬರುತ್ತಿತ್ತು. ಬಾಗೇವಾಡಿಯಲ್ಲಿ ಇನ್ನೊಂದು ಅವಕಾಶವಿತ್ತು. ಅದೂ ಕೈಬಿಟ್ಟರೆ ಕನ್ನೊಳ್ಳಿಯಲ್ಲಿ ಅಪ್ಪನ ಗೊಬ್ಬರದ ಅಂಗಡಿಯೇ ಗತಿ.

ಅಕ್ಕೋರು ರೊಟ್ಟಿ ಬಡಿಯುತ್ತಲೇ ನನ್ನ ಪಾಠದ ನಾಲ್ಕು ಮಾತು ಕೇಳಿಸಿಕೊಂಡರು. ತಲೆ ಎತ್ತಲಿಲ್ಲ.

"ನಿನ್ನ ಇಂಗ್ಲಿಷಿಗೆ ಜಿಗಿ ಇಲ್ಲ ತಮ್ಮಾ. ಹಳೇ ಹಿಟ್ಟಿನಂಗ ಉದರ್ಲಿಕ್ಹತ್ತದ."

ಜಿಗಿ ಎಂದರೆ ಹಿಟ್ಟನ್ನು ಒಡೆಯದಂತೆ ಹಿಡಿದಿಡುವ ಅಂಟು. ಪದಗಳನ್ನು ಬಿಡಿಸಿ ಹೇಳುವುದೇ ಶುದ್ಧವೆಂದು ನಾನು ವಾದಿಸಿದೆ.

"ನಿಮ್ಮವ್ವಗ 'ಊಟ, ಆಯಿತು, ಏನು' ಅಂತ ಕೇಳ್ತಿಯೋ, 'ಊಟಾತೇನಬೇ' ಅಂತಿಯೋ? ಇಂಗ್ಲಿಷಿನವರಿಗೂ ಬಾಯಿ ಒಂದ ಅದ."

ಮರುದಿನದಿಂದ ರೊಟ್ಟಿ ಬಡಿಯುವ ಹಲಗೆಯ ಮುಂದೆ ನಾನೇ ಕೂತೆ. ಬಿಸಿನೀರಿನಲ್ಲಿ ನಾದಿ, ಬಡಿಯುತ್ತ ತಿರುಗಿಸುತ್ತ ಹೋಗಬೇಕು. ಕೈ ನಡುವೆ ನಿಂತರೆ ಅಂಚು ಸೀಳುತ್ತದೆ. ಮಗುಚುವಾಗ 'ಟರ್ನ್ ಇಟ್ ಓವರ್' ಎನ್ನಬೇಕು, ಅದೂ ರೊಟ್ಟಿ ಹಂಚಿನ ಮೇಲೆ ಹೊರಳುವಷ್ಟರೊಳಗೆ. ಮೂರು ಪದಕ್ಕೆ ಮೂರು ಸಲ ನಿಂತರೆ ರೊಟ್ಟಿ ಸುಡುತ್ತಿತ್ತು. ಸುಟ್ಟದ್ದನ್ನು ನಾನೇ ತಿನ್ನಬೇಕೆಂಬುದು ಆ ಮನೆಯ ಕಾನೂನು.

ಹೀಗೆ ಸಾಕಷ್ಟು ಕರಿ ರೊಟ್ಟಿ ತಿಂದ ಮೇಲೆ ಒಂದು ದಿನ ಬಾಯಿಂದ 'ಟರ್ನಿಟೋವರ್' ಎಂದು ಒಂದೇ ಉಸಿರಿಗೆ ಬಂತು. ಎಂಥ ಚೆಂದದ ವ್ಯವಸ್ಥೆ ನೋಡಿ! ಒಂದು ಪದದ ಕೊನೆಯ ಸದ್ದು ಮುಂದಿನ ಪದದ ಮಡಿಲಲ್ಲಿ ಹೋಗಿ ಕೂರುತ್ತದೆ. 'ನೆಕ್ಸ್ಟ್ ಡೇ' ಎನ್ನುವಾಗ ನಡುವಿನ ಟಕಾರ, ತುಂಬಿದ ಬಸ್ಸಿನಲ್ಲಿ ಹಿರಿಯರಿಗೆ ಜಾಗ ಬಿಡುವ ಹುಡುಗನಂತೆ, ಸದ್ದಿಲ್ಲದೆ ಸರಿಯುತ್ತದೆ. ಇಷ್ಟು ಮರ್ಯಾದಸ್ಥ ಭಾಷೆಯನ್ನು ನಾನು ಪೊಲೀಸರಂತೆ ಸಾಲಾಗಿ ನಿಲ್ಲಿಸಿದ್ದೆನಲ್ಲ ಎನಿಸಿತು.

ಬಾಗೇವಾಡಿಯ ಮಾದರಿ ಪಾಠದ ದಿನ ಮೊದಲ ವಾಕ್ಯಕ್ಕೇ ಹಳೆಯ ಚಾಳಿ ಮರಳಿತು. ಪದ, ಜಾಗ, ಪದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಆಕಳಿಸಲು ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಅಂಗೈ ತಾನಾಗಿ ಮೇಜನ್ನು ಬಡಿಯತೊಡಗಿತು. ಆ ಬಡಿತದ ಮೇಲೆ ವಾಕ್ಯ ಹೊರಳಿತು. ಮಕ್ಕಳೂ ಬೆಂಚು ಬಡಿಯುತ್ತ ನನ್ನ ಹಿಂದೆಯೇ ಹೇಳಿದರು, ಆಕಳಿಸಲು ತೆರೆದಿದ್ದ ಆ ಬಾಯಿಯೂ ಸೇರಿ. ಮುಖ್ಯಗುರುಗಳು ಇದೇನು ಭಜನೆಯೇ ಎಂದು ಬಾಗಿಲಿಗೆ ಬಂದರು. ಪಾಠ ಮುಗಿಯುವವರೆಗೆ ಅಲ್ಲೇ ನಿಂತರು. ಕೆಲಸ ಸಿಕ್ಕಿತು.

ಸುದ್ದಿ ಹೇಳಲು ಪೇಢೆ ಹಿಡಿದು ಹೋದರೆ ಅಕ್ಕೋರು ಪೇಢೆಯನ್ನು ಬದಿಗಿಟ್ಟು ಹಿಟ್ಟಿನ ಡಬ್ಬಿ ನನ್ನ ಮುಂದೆ ಸರಿಸಿದರು. "ಮಾತಿಗೆ ಜಿಗಿ ಬಂತು. ಭಕ್ರಿ ಇನ್ನೂ ಸೀಳ್ತದಲ್ಲೋ."

ಈಗ ಅವರ ಮಣಿಕಟ್ಟು ನೋಯುತ್ತದೆ; ರೊಟ್ಟಿ ಬಡಿಯಲಾರರು. ಇವತ್ತು ರವಿವಾರ. ಪಕ್ಕದ ಮನೆಯ ಸಪ್ಪಳ ನಿಲ್ಲುವುದರೊಳಗೆ ಹೊಸದಾಗಿ ಬೀಸಿಸಿದ ಹಿಟ್ಟನ್ನು ಚೀಲಕ್ಕೆ ಹಾಕಿದ್ದೇನೆ, ಸಿಂದಗಿ ಬಸ್ಸು ಹಿಡಿಯಬೇಕು. ದಿನಚರಿಯಲ್ಲಿ ಇಂಗ್ಲಿಷಿಗೆ ಗೆರೆ ಎಳೆಯುವುದನ್ನು ಎಂದೋ ಬಿಟ್ಟೆ. ಈಗ ಎಳೆಯುವುದು ಸೀಳದ ರೊಟ್ಟಿಗೆ. ಆ ಪುಟ ಬಹುಪಾಲು ಖಾಲಿಯೇ ಇದೆ.